ಡಾಕ್ಟರ್ ಬಾಯಿ ಅಪ್ಪಾನ ಕಿವಿಗೆ ನಳಿಗಿ ಹಚ್ಚಿದ ದಿನ

ಖೋ-ಖೋ ಆಡಾಕತ್ತಾಗ ನಾ ಗ್ರೌಂಡಿನ್ಯಾಗ ಧಪ್ಪಂತ ಬಿದ್ದಬಿಟ್ಟೆ.

ಕಣ್ಣ ತೆರದಾಗ ಮ್ಯಾಲ ಡ್ರಿಲ್ ಮಾಸ್ತರ ಮುಖ ಕಾಣತು. ನನಗಿಂತ ಅವರ ಮುಖಾನ ಹೆಚ್ಚ ಬಿಳಚಿತ್ತು.

ಅರವತ್ತರ ದಶಕದ ಮಾತ್ರಿ ಇದು. ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದಾಗ ನಾ ಎಂಟನೇತ್ತಾ ಕಲೀತಿದ್ದೆ. ಅಪ್ಪಾಂದು ಪ್ಯಾಟ್ಯಾಗ ಮೆಣಸಿನಕಾಯಿ ವ್ಯಾಪಾರ. ಮನ್ಯಾಗ ಕನ್ನಡ, ಸಾಳ್ಯಾಗ ಮರಾಠಿ.

ಖರೇ ಹೇಳ್ಬೇಕಂದ್ರ, ಎರಡ ತಿಂಗಳಿಂದ ನನಗ ಹಂಗ ಆಗ್ತಿತ್ತು. ಗ್ರೌಂಡಿಗೆ ಒಂದ ರೌಂಡ್ ಹೊಡಿಯೂದ್ರಾಗ ತೇಕು ಬರ್ತಿತ್ತು, ಕಣ್ಣಿಗೆ ಕತ್ತಲಿ ಕಟ್ತಿತ್ತು. ಮಾಸ್ತರ "ಆಳಶಿ!", ಅಂದ್ರ ಮೈಗಳ್ಳಿ, ಅಂತ ಮರಾಠಿಯೊಳಗ ಬೈದು ಇನ್ನೊಂದ ರೌಂಡ್ ಹಚ್ಚತಿದ್ರು.

ಮನ್ಯಾಗ ನಾ ಬಾಯಿ ಬಿಟ್ಟಿದ್ದಿಲ್ಲ. ಅದಕ್ಕ ಕಾರಣ ಇತ್ರಿ.

ಅಪ್ಪಾಗ ಒಬ್ಬಾಕಿ ತಂಗಿ ಇದ್ಲು. ಹದಿನಾರರ ವಯಸ್ಸಿನ್ಯಾಗ ನೀರಿನ ಕೊಡ ಹೊತ್ತ ಬರೂಮುಂದ ಬಾಗಲದಾಗ ಕುಸದ ಬಿದ್ದಾಕಿ ಮತ್ತ ಏಳಲೇ ಇಲ್ಲ. "ಎದಿ ಮೆತ್ತಗಿತ್ತು" ಅಂದ್ರು ಮಂದಿ. ಡಾಕ್ಟರ್‌ಗೆ ತೋರಿಸಿದವರು ಯಾರೂ ಇಲ್ಲ.

ಹಿಂಗಾಗಿ ನಾ ಬಿದ್ದ ಸುದ್ದಿ ಕೇಳಿ ಅಪ್ಪಾ ಬೈಲಿಲ್ಲ, ಒದರಲಿಲ್ಲ. ಟೊಪಿಗಿ ತಗದು ಗೂಟಕ್ಕ ಹಾಕಿ ನನ್ನ ಬಾಜೂಕ ಬಂದ ಕುಂತ್ರು.

"ನಾಳಿಂದ ಸಾಳಿ ಸಾಕವಾ... ಜೀವ ಇದ್ರ ಎಲ್ಲಾ."

ಅಷ್ಟ ಅಂದ್ರು. ಅವ್ವ ಒಲಿ ಮುಂದ ಕುಂತಾಕಿ ತಿರಗಿ ನೋಡಲಿಲ್ಲ. ನಾ ಅತ್ತೆ... ಎಷ್ಟ ಅತ್ತೇನಿ ಅನ್ನೂದು ಈಗೂ ನೆನಪೈತಿ.

ಮರುದಿನ ಮುಂಜಾನೆ ಡ್ರಿಲ್ ಮಾಸ್ತರ ನಮ್ಮ ಬಾಗಲದಾಗ ನಿಂತಿದ್ರು. ನಿಪ್ಪಾಣಿ ಕಡಿಯವರು, ಕನ್ನಡ ಚಂದ ಮಾತಾಡ್ತಿದ್ರು. ಒಳಗ ಬರ್ರಿ ಅಂದ್ರೂ ಬರಲಿಲ್ಲ.

"ಅಣ್ಣಾರ, ತಪ್ಪ ನಂದೈತ್ರಿ. ಹುಡುಗಿಗೆ ಆಗವಲ್ದಾಗಿತ್ತು, ನಾ ಮೈಗಳ್ಳತನ ಅಂತ ತಿಳಕೊಂಡೆ. ಹೆಸರ ಮಾತ್ರ ತಗಸಬ್ಯಾಡ್ರಿ. ಒಂದ ವಾರ ಟೈಮ್ ಕೊಡ್ರಿ."

ಅಪ್ಪಾ ಅವತ್ತ ಹೆಸರ ತಗಸಾಕ ಹೋಗಲಿಲ್ಲ.

ಆ ವಾರದಾಗ ಮಾಸ್ತರ ಏನ ಮಾಡಿದ್ರು ಅನ್ನೂದು ನನಗ ಆಮ್ಯಾಲ ಗೊತ್ತಾತು.

ಪ್ಯಾಟಿಯ ವ್ಯಾಪಾರಸ್ಥರು ಕೂಡಿ ಒಂದ ಧರ್ಮಾರ್ಥ ದವಾಖಾನಿ ನಡಸ್ತಿದ್ರು. ವಾರಕ್ಕ ಎರಡ ಸಲ ಕೊಲ್ಹಾಪುರದಿಂದ ಒಬ್ರು ಹೆಣ್ಣ ಡಾಕ್ಟರ್ ಎಸ್‌ಟಿ ಬಸ್ಸಿಗೆ ಬರ್ತಿದ್ರು; ಅವರಿಗೆ ಎಲ್ಲಾರೂ ಡಾಕ್ಟರ್ ಬಾಯಿ ಅಂತಿದ್ರು. ಮಾಸ್ತರ ಸೀದಾ ಅಲ್ಲಿಗೆ ಹೋಗಿ, ಓಡಸೂಕಿಂತ ಮೊದಲ ನಮ್ಮ ಹುಡುಗ್ಯಾರನ್ನ ಒಮ್ಮೆ ನೋಡ್ರಿ ಅಂತ ಕೇಳಿದ್ರಂತ.

ಹೆಡ್‌ಮಾಸ್ತರ ಮಾತ್ರ, "ಆಟಾ ಆಡೂದಕ್ಕ ಡಾಕ್ಟರ್ ಯಾಕಪಾ?" ಅಂತ ನಕ್ಕಿದ್ರಂತ. ಡ್ರಿಲ್ ಮಾಸ್ತರ ಬಿಡಲಿಲ್ಲ. ಡಾಕ್ಟರ್ ಬಾಯಿನ್ನ ಕರಕೊಂಡ ಹೋಗಿ ಹೆಡ್‌ಮಾಸ್ತರ ಮುಂದ ಕುಂಡ್ರಿಸೇಬಿಟ್ರು!

ಶುಕ್ರವಾರ ಹುಡುಗ್ಯಾರ ತಪಾಸಣೆಗಂತ ಡ್ರಾಯಿಂಗ್ ಕ್ಲಾಸಿನ ಖಿಡಕಿಗೆ ಸೀರಿ ಕಟ್ಟಿದ್ರು. ತೂಕ ಮಾಡೂ ಮಷಿನ್ ಸಾಳ್ಯಾಗ ಎಲ್ಲಿಂದ ಬರಬೇಕು? ಪ್ಯಾಟಿಯಿಂದ ಮೆಣಸಿನಕಾಯಿ ಚೀಲ ತೂಗೂ ಕಾಟಾ ತಂದಿದ್ರು. ಅದರ ಮ್ಯಾಲ ಹತ್ತಿದ ಹುಡುಗಿ ಒಬ್ಬೊಬ್ಬಾಕಿನೂ ಸೀನಾಕಿನ...

ಅಪ್ಪಾ ಬಂದಿದ್ರು. ಬಾಗಲದಾಗ ಗ್ವಾಡಿಗೆ ಆನಿಕೊಂಡ ನಿಂತಿದ್ರು.

ನನ್ನ ಪಾಳಿ ಬಂತು. ಡಾಕ್ಟರ್ ಬಾಯಿ ಕಣ್ಣಿನ ಕೆಳರೆಪ್ಪಿ ಎಳದು ನೋಡಿದ್ರು. ನಾಲಿಗಿ, ಉಗುರು ನೋಡಿದ್ರು. ಆಮ್ಯಾಲ ಮರಾಠಿಯೊಳಗ ಮೆಲ್ಲಕ ಕೇಳಿದ್ರು, "ಚಪ್ಪಲಿ ಹಾಕ್ಕೋತಿ ಏನು? ಮಣ್ಣು, ಪಾಟಿ ಪೆನ್ಸಿಲ್ ಏನರ ತಿಂತಿ ಏನು?"

ನಾ ತಲಿ ಕೆಳಗ ಹಾಕಿದೆ. ಚಪ್ಪಲಿ ಇದ್ದಿಲ್ಲ. ಪೆನ್ಸಿಲ್ಲಂತೂ ದಿನಾ ತಿಂತಿದ್ದೆ, ಕದ್ದು. ಅಪ್ಪಾನ ಎದರಿಗೆ ಅದು ಹೊರಗ ಬಿತ್ತು.

ಆಮ್ಯಾಲ ಬೆನ್ನಿಗೆ ತಣ್ಣಂದು ಏನೋ ಹತ್ತಿತು. ಅವರು ನಳಿಗಿ ಹಚ್ಚಿ ಕೇಳತಾರ, ಕೇಳತಾರ, ಮುಗಿವಲ್ದು. ನಾ ಉಸರ ಹಿಡದೇನಿ.

"ಅಗ, ಉಸರ ಆಡವಾ!" ಅಂದು ನಕ್ಕಬಿಟ್ರು.

ನಕ್ಕವರು ಅಪ್ಪಾನ್ನ ಒಳಗ ಕರದು, ತಮ್ಮ ಕಿವ್ಯಾಗಿನ ನಳಿಗಿ ತಗದು ಅಪ್ಪಾನ ಕಿವಿಗೆ ಹಚ್ಚಿದ್ರು. "ನೀವ ಕೇಳ್ರಿ. ಎದಿ ಗಟ್ಟಿ ಐತಿ."

ಅಪ್ಪಾ ಬಗ್ಗಿ, ಕಣ್ಣ ಮುಚ್ಚಿ ಕೇಳಾಕತ್ತಾರ... ತಗೀವಲ್ಲರು. ಹಿಂದ ಪಾಳಿ ಹಚ್ಚಿದ ಹುಡುಗ್ಯಾರು ಕಿಸಿಕಿಸಿ ನಗಾಕತ್ತಾರ.

"ಮತ್ತ ಯಾಕ ಬಿದ್ಲರಿ?"

"ಮೈಯಾಗ ರಕ್ತ ಭಾಳ ಕಡಿಮಿ ಐತಿ. ಹೊಟ್ಟ್ಯಾಗ ಹುಳ ಇರಬೇಕು. ಬರಿಗಾಲಲೇ ಓಡ್ಯಾಡಿದ್ರ ಅಂಗಾಲಿನಿಂದ ಒಳಗ ಹೋಗ್ತಾವ. ನಾಳಿ ಮುಂಜಾನಿಂದು ಸಂಡಾಸ ಡಬ್ಬ್ಯಾಗ ದವಾಖಾನಿಗೆ ತಂದ ಕೊಡ್ರಿ, ಪರೀಕ್ಷಾ ಮಾಡೂಣು."

"ಹುಳಾ? ಬರೇ ಹುಳಾ ಏನ್ರಿ?"

ಹೊಟ್ಟ್ಯಾಗ ಹುಳ ಅದಾವಂತ ಕೇಳಿ ಅಷ್ಟ ಖುಷಿ ಪಟ್ಟ ಮನಷಾನ್ನ ನಾ ಮತ್ತ ನೋಡಿಲ್ಲ. ನಗತಿದ್ರು, ಕಣ್ಣಾಗ ನೀರ ಇಳೀತಿತ್ತು. ಆಮ್ಯಾಲ ದನಿ ಸಣ್ಣ ಮಾಡಿ ಕೇಳಿದ್ರು, "ನನ್ನ ತಂಗಿಗೂ ಇದ ಇತ್ತೇನೋ ಬಾಯಿ?"

ಡಾಕ್ಟರ್ ಬಾಯಿ ಸುಳ್ಳ ಸಮಾಧಾನ ಹೇಳಲಿಲ್ಲ. "ಅದನ್ನ ಈಗ ಹೇಳಾಕ ಬರೂದಿಲ್ರಿ" ಅಂದು ಅಪ್ಪಾನ ಭುಜ ಮುಟ್ಟಿದ್ರು.

ಪರೀಕ್ಷಾದಾಗ ಹುಳಾನ ಬಂದ್ವು. ನನಗೊಬ್ಬಾಕಿಗೇ ಅಲ್ಲ, ಕ್ಲಾಸಿನ ಅರ್ಧ ಹುಡುಗ್ಯಾರಿಗೆ! ಔಷಧ ಕುಡದ್ವಿ, ಕಬ್ಬಿಣದ ಗುಳಿಗಿ ನುಂಗಿದ್ವಿ. ಅಪ್ಪಾ ಆ ಶುಕ್ರವಾರ ಸಂಜಿಕನ ನನಗ ಚಪ್ಪಲಿ ತಂದಿದ್ರು.

ಅಲ್ಲಿಂದ ಮುಂದ ಡ್ರಿಲ್ ಮಾಸ್ತರ ಕೈಯಾಗ ಡಾಕ್ಟರ್ ಬಾಯಿ ಬರದ ಕೊಟ್ಟ ಯಾದಿ ಇರ್ತಿತ್ತು. ಯಾರು ಓಡಬೇಕು, ಯಾರು ಸದ್ಯಕ್ಕ ಕೈಕಾಲ ಅಷ್ಟ ಆಡಸಬೇಕು ಅಂತ. ಪ್ರತಿ ಟರ್ಮಿಗೆ ದವಾಖಾನಿಯವರು ಬರೂದು ಪದ್ಧತೀನ ಆತು. ನಕ್ಕಿದ್ದ ಹೆಡ್‌ಮಾಸ್ತರ ತಾವ ನಿಂತು ಪಾಳಿ ಹಚ್ಚತಿದ್ರು.

ದೀಪಾವಳಿ ಸೂಟಿ ಮುಗದ ಮ್ಯಾಲ ಮಾಸ್ತರ ನನಗ ಬರೇ ಒಂದ ರೌಂಡ್ ಓಡಂದ್ರು. ನಾ ಮೂರ ಓಡಿದೆ. ತೇಕು ಬರಲಿಲ್ಲ, ಕತ್ತಲಿ ಬರಲಿಲ್ಲ. ಮಾಸ್ತರ ಶಿಟ್ಟಿ ಊದಾಕತ್ತಾರ, ನಾ ನಿಂದ್ರವಲ್ಲೆ!

ಸಾಳಿ ಬಿಡಲಿಲ್ರಿ. ಮ್ಯಾಟ್ರಿಕ್ ಪಾಸಾದೆ. ಈಗ ಎಪ್ಪತ್ತೈದರ ಮ್ಯಾಲ ಆಗೇತಿ, ದಿನಾ ನಡ್ಯಾಕ ಹೋಗ್ತೇನಿ.

"ಮೈಗಳ್ಳಿ" ಅಂತ ಬೈಸ್ಕೊಂಡ ನಿಮ್ಮ ಕ್ಲಾಸಿನ ಹುಡುಗಿಗೆ ಖರೇನ ಏನ ಆಗಿತ್ತು ಅಂತ ಯಾರರ ಕೇಳಿದ್ರೇನ್ರಿ?