ಚಿರತೆಯ ಮೇಲೆ ಹಾಕಿದ ಬೆಕ್ಕಿನ ಪಾಪ

ಕಾಲೇಜಿನಲ್ಲಿ ಮಗಳಿಗೆ ಪ್ರಾಣಿಹಿಂಸೆಯ ಬಗ್ಗೆ ಒಂದು ಕಿರುಚಿತ್ರ ಮಾಡಲು ಹೇಳಿದ್ದರು. ಲೋಕದಲ್ಲಿ ಅಷ್ಟೊಂದು ಹಿಂಸೆ ಬಿದ್ದಿರುವಾಗ ಈ ಪುಣ್ಯಾತ್ಗಿತ್ತಿಗೆ ಸಿಕ್ಕಿದ್ದು ನನ್ನ ಬೆಕ್ಕು. ನಾನು ಚಿಕ್ಕವಳಿದ್ದಾಗ ಸಾಕಿದ್ದ ಬೆಕ್ಕನ್ನು ಚಿರತೆ ಹೊತ್ತೊಯ್ದ ಕಥೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಆಗ ಊಟ ಬಿಟ್ಟು ಅತ್ತವಳು ನಾನು, ಮತ್ತೆ ಬೆಕ್ಕು ಸಾಕಲಿಲ್ಲ. ಎಲ್ಲಾದರೂ ಚಿರತೆ ಬಂತೆಂದರೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಚಿರತೆಯನ್ನು ಎಲ್ಲಿಂದ ತರುವುದು? ತಂದರೂ, ಅದು ಹಸಿವಿಗೆ ತಿಂದದ್ದು ಹಿಂಸೆಯಾಗುವುದಿಲ್ಲ ಎಂದರಂತೆ ಮೇಷ್ಟರು. ಮಗಳು ಕಥೆ ತಿದ್ದಿದಳು: ಒಬ್ಬ ಕಲ್ಲೆದೆಯ ಹೆಂಗಸು ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ದೂರ ಬಿಟ್ಟುಬರುತ್ತಾಳೆ. ಆ ಪಾತ್ರಕ್ಕೆ ನಮ್ಮವ್ವ.

"ನಾನ್ಯಾಕೆ? ನಾನೇನ್ ಅಂಥೋಳಾ?" ಎಂದು ಅವ್ವ ಸಿಡುಕಿದಳು. ಆದರೂ ಶೂಟಿಂಗಿಗೆಂದು ಹಾನುಬಾಳಿನ ಹತ್ತಿರದ ತವರುಮನೆಗೆ ನಾವು ಹೋದಾಗ ಮದುವೆಗೆ ಉಡುವ ಸೀರೆಯುಟ್ಟು ಕಾಯುತ್ತಿದ್ದಳು. ಪಾಪಿಯ ಪಾತ್ರ ಕಣವ್ವ ಅಂತ ಎಷ್ಟು ಹೇಳಿದರೂ ಸೀರೆ ಬದಲಿಸಲಿಲ್ಲ.

ಹಿಂಸೆಯ ವಿರುದ್ಧದ ಚಿತ್ರದಲ್ಲಿ ಬೆಕ್ಕಿಗೇ ಹಿಂಸೆಯಾಗಬಾರದಲ್ಲ, ಚೀಲದೊಳಗೆ ಒಂದು ದಪ್ಪ ಸೌತೆಕಾಯಿ ಇಟ್ಟಿದ್ದೆವು. ಮಗಳು "ಆ್ಯಕ್ಷನ್" ಎಂದಳು. ಅವ್ವ ಚೀಲದ ಬಾಯಿ ಬಿಗಿದು, ಕಾಫಿ ಒಣಗಿಸುವ ಕಣದ ನಡುವೆ ನಿಂತು ಅದನ್ನು ಗಿರಗಿರ ತಿರುಗಿಸತೊಡಗಿದಳು.

"ಅಜ್ಜೀ, ಸುಮ್ನೆ ಎತ್ಕೊಂಡು ನಡಿ ಸಾಕು!"

"ನಿಂಗೇನ್ ಗೊತ್ತು? ತಿರುಗಿಸ್ದಿದ್ರೆ ದಾರಿ ಗುರ್ತಿಟ್ಕಂಡು ವಾಪಸ್ ಬರ್ತೈತೆ. ಮೊದಲ್ನೇ ಸಲ ಹಂಗೇ ಆಯ್ತು. ಹಾನುಬಾಳ್ನಲ್ಲಿ ಬಿಟ್ಟು ಮನೆಗ್ ಬಂದ್ರೆ, ನನಗಿಂತ ಮುಂಚೆ ಬಂದು ಒಲೆ ಮುಂದೆ ಮಲಗ್ಬುಟ್ಟಿತ್ತು."

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು.

ನಾನು ಕ್ಯಾಮೆರಾ ಇದೆಯೆನ್ನುವುದನ್ನೂ ಮರೆತು ಮುಂದೆ ನುಗ್ಗಿದೆ. "ಯಾವ ಬೆಕ್ಕು? ನನ್ ಬೆಕ್ಕಾ? ಚಿರತೆ ತಿಂತು ಅಂದಿದ್ಯಲ್ಲ!"

"ನಿಮ್ಮಜ್ಜಿ ಕಾಟ ಕಣೇ. ಕೆನೆ ತಿನ್ನೋದು ಬೆಕ್ಕು, ಬೈಸ್ಕೊಳ್ಳೋದು ನಾನು. ಸೊಸೆ ಕದ್ದು ತಿಂತಾಳೆ ಅಂತ ಊರಿಗೆಲ್ಲ ಹೇಳ್ಕಂಡ್ ಬಂದಿದ್ರು. ಮನೇಲಿ ಅದಿರ್ಬೇಕಿತ್ತು, ಇಲ್ಲಾ ನಾನಿರ್ಬೇಕಿತ್ತು."

"ಆಮೇಲೆ ಎಲ್ಲಿ ಬಿಟ್ಟೆ?"

"ಬಾಳ್ಳುಪೇಟೇಲಿ, ಮೀನಂಗ್ಡಿ ಹಿಂದೆ. ಹಸ್ಕೊಂಡಿರಬಾರ್ದು ಅಂತ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆತ್ತ ತಾಯಿ ಇಷ್ಟು ವರ್ಷ ಕಣ್ಣಿಗೆ ಮಣ್ಣೆರಚಿದ್ದಳು! ಆ ಬಡಪಾಯಿ ಚಿರತೆಗೆ ಹಾಕಿದ ಶಾಪವನ್ನೆಲ್ಲ ಇನ್ನು ಯಾರ ತಲೆಗೆ ಕಟ್ಟಲಿ?

"ಬಿಟ್ಟಮೇಲೆ ಒಂದ್ಸಲನಾದ್ರೂ ಹೋಗಿ ನೋಡಿದ್ಯಾ?" ಎಂದು ಕಿರುಚಿದೆ.

ಅವ್ವ ಚೀಲವನ್ನು ಕೆಳಗಿಟ್ಟಳು. "ಬಾಳ್ಳುಪೇಟೆಗೆ ಹೋದಾಗೆಲ್ಲ ನೋಡ್ತಿದ್ದೆ. ಕೈಲಿ ಚೀಲ ಕಂಡ್ರೆ ಸಾಕು, ಓಡ್ಬುಡೋದು. ಅದಕ್ಕೇ ಚೀಲ ಹೋಟ್ಲಲ್ಲಿಟ್ಟು ಬರಿಗೈಲಿ ಹೋಗ್ತಿದ್ದೆ. ಸೆರಗ್ನಾಗೆ ಒಣಮೀನು ಕಟ್ಕಂಡು."

ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಲಿಂಗಪೂಜೆ ಮುಗಿಯದೆ ಒಂದು ಹನಿ ನೀರು ಕುಡಿಯದ ಹೆಂಗಸು, ಸೆರಗಿನಲ್ಲಿ ಒಣಮೀನು! ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಬರ್ತಿತ್ತಾ?" ಎಂದು ಮೆಲ್ಲಗೆ ಕೇಳಿದೆ.

"ಮೀನು ತಿಂತಿತ್ತು," ಎಂದಳು ಅವ್ವ. "ನನ್ನ ಮಾತ್ರ ಕೊನೇಗಂಟ ಹತ್ರ ಸೇರಿಸ್ಲಿಲ್ಲ ಕಣೇ."