ಎಲ್ಲಕ್ಕಿಂತ ಚಿಕ್ಕ ತಪ್ಪು

ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಗಣಿತ ಪಾಠ ಮಾಡುತ್ತೇನೆ. ಒಂದು, ಅರ್ಧ, ಕಾಲು, ಅರೆಕಾಲು ಎಂದು ಬೋರ್ಡಿನ ಮೇಲೆ ಬರೆದು, ‘ಹೀಗೇ ಮುಗಿಯದೆ ಹೋಗುವ ಈ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು?’ ಎಂದು ಕೇಳುವುದು ನನ್ನ ಹಳೇ ಚಾಳಿ. ಸೊನ್ನೆ ಎನ್ನುತ್ತಾರೆ ಹುಡುಗರು. ಸೊನ್ನೆ ಸಾಲಿನಲ್ಲೇ ಇಲ್ಲವಲ್ಲ! ಯಾವುದನ್ನು ತೋರಿಸಿದರೂ ಅದರ ಅರ್ಧ ಮುಂದೆ ಕೂತಿರುತ್ತದೆ. ಚಿಕ್ಕದಾಗುತ್ತಲೇ ಹೋಗುತ್ತದೆ, ಅತಿ ಚಿಕ್ಕದು ಮಾತ್ರ ಇಲ್ಲ. ಇಷ್ಟು ಸರಳ ಮಾತು ತಲೆಗೆ ಹೋಗದವರ ಮೇಲೆ ರೇಗುತ್ತಿದ್ದ ನನಗೇ ಅದು ತಿಳಿದಿರಲಿಲ್ಲ ಎಂದು ಗೊತ್ತಾದದ್ದು ಅವ್ವನ ಆಪರೇಷನ್ ಹೊತ್ತಿಗೆ.

ಪಿತ್ತಕೋಶದಲ್ಲಿ ಕಲ್ಲು. ಸ್ಕ್ಯಾನಿಂಗ್ ಆದ ಮೇಲೆ ಅವ್ವನನ್ನು ಅವಳ ಊರು ಸಿರುಗುಪ್ಪಕ್ಕೆ ಕಳಿಸದೆ ಪಾರ್ವತಿನಗರದ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆ. ಅವಳಿಗೆ ಜೀವ ಹೋಗುವಷ್ಟು ಹೆದರಿಕೆ. ಪಕ್ಕದಲ್ಲಿ ಬೇಕಾಗಿದ್ದದ್ದು ಕುರುಗೋಡಿನಲ್ಲಿರುವ ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ. ಆದರೆ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

‘ತಪ್ಪು ಮೊದ್ಲು ಯಾರು ಮಾಡ್ಯಾರೋ ಅವ್ರೇ ಮೊದ್ಲು ಮಾತಾಡ್ಲಿ’ ಎಂದಳು ಅವ್ವ. ಫೋನ್ ಮಾಡಿ ಕಲ್ಲಿನ ವಿಷಯ ತಿಳಿಸಿದರೆ ದೊಡ್ಡವ್ವನೂ ಅದನ್ನೇ ಅಂದಳು. ಸರಿ, ಆ ಮೊದಲ ತಪ್ಪನ್ನು ಹುಡುಕಿ ತೀರ್ಪು ಕೊಟ್ಟೇಬಿಡೋಣ, ನಾನೇನು ಕಡಿಮೆ ಓದಿದ್ದೇನೆಯೇ ಎಂದುಕೊಂಡೆ.

ಎರಡು ವರ್ಷದ ಹಿಂದೆ ಅವ್ವನ ಹೊಸ ಮನೆಯ ಗೃಹಪ್ರವೇಶಕ್ಕೆ ದೊಡ್ಡವ್ವ ಬಂದಿರಲಿಲ್ಲ. ಯಾಕೆ? ಮನೆಗೆ ಬಂದು ಕುಂಕುಮ ಹಚ್ಚಿ ಕರೆಯದೆ ಅವ್ವ ಬರೀ ಫೋನ್ ಮಾಡಿದ್ದಳು. ಫೋನ್ ಯಾಕೆ? ನಾನು ಬಸುರಿಯಾಗಿದ್ದಾಗ ಕುಬಸಕ್ಕೆ ಬಂದ ದೊಡ್ಡವ್ವ ಉಣ್ಣದೆ ಎದ್ದು ಹೋಗಿದ್ದಳು. ಯಾಕೆ ಉಣ್ಣಲಿಲ್ಲ? ಅರಿಶಿನ ಕುಂಕುಮ ಕೊಡುವಾಗ ಅವ್ವ ಅವಳನ್ನು ಕೊನೆಗೆ ಇಟ್ಟಿದ್ದಳು.

‘ಅದರ ಮುಂಚೆ ಏನಾತು ಕೇಳು ನಿಮ್ಮವ್ವನ್ನ!’ ಎನ್ನುತ್ತಿದ್ದಳು ದೊಡ್ಡವ್ವ. ಅವ್ವನನ್ನು ಕೇಳಿದರೆ, ‘ಅದಕ್ಕೂ ಮುಂಚಿಂದು ಆಕಿನ್ನ ಕೇಳು.’ ಹಿಂದೆ ಹೋದಷ್ಟೂ ತಪ್ಪು ಚಿಕ್ಕದಾಗುತ್ತ ಹೋಯಿತು. ಇಸಕೊಂಡು ಹೋಗಿ ವಾಪಸ್ ಕೊಡದ ಸೀರೆ. ಒಂದು ಬಿರುಸು ಮಾತು. ಚಿಕ್ಕಂದಿನಲ್ಲಿ ಕೆಂಚನಗುಡ್ಡದ ಹೊಳೆಯಲ್ಲಿ ಕೈಬಿಟ್ಟ ಕೊಡ. ಕೊಡಕ್ಕೂ ಮೊದಲು ಯಾರೋ ಯಾರನ್ನೋ ನೋಡಿ ಮುಖ ತಿರುಗಿಸಿದ್ದು. ಸೊನ್ನೆಯಂತೂ ಆಗಲಿಲ್ಲ. ಥೂ, ಮೂರು ದಿನ ಹೀಗೇ ಹಾಳಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ರೇಗಿ ಫೋನ್ ಮಾಡಿದೆ. ‘ಮೊದಲ್ನೇ ತಪ್ಪು ಅಂಬೋದೇ ಇಲ್ಲ ದೊಡ್ಡವ್ವ, ಹುಡುಕಿ ಸಾಕಾತು. ನಾಳೆ ಅವ್ವಗ ಆಪರೇಷನ್ ಐತಿ. ಬರೋದಿದ್ರ ಬಾ!’ ಎನ್ನುವಷ್ಟರಲ್ಲಿ ಅಳು ಬಂತು. ನನಗೂ ಹೆದರಿಕೆಯಾಗಿತ್ತು.

ಒಂದೂವರೆ ತಾಸಿಗೆಲ್ಲ ದೊಡ್ಡವ್ವ ಬಾಗಿಲಲ್ಲಿ ಆಟೋ ಇಳಿದಳು, ಕೈಯಲ್ಲಿ ದೊಡ್ಡ ಚೀಲ.

‘ಇಷ್ಟು ಲಗೂ ಹೆಂಗ ಬಂದಿ?’

‘ಕಲ್ಲು ಐತಂತ ತಿಳಿದ ದಿನಾನೇ ಚೀಲ ಕಟ್ಟಿಟ್ಟಿದ್ನಿ’ ಎಂದಳು, ನನ್ನ ಮುಖ ನೋಡದೆ.

ಅವ್ವ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ದೊಡ್ಡವ್ವ ಕಾಲ ಬಳಿ ಕೂತಳು. ರಾತ್ರಿಯವರೆಗೂ ಒಂದು ಮಾತಿಲ್ಲ. ನನಗೆ ಇಬ್ಬರನ್ನೂ ಹಿಡಿದು ಬಡಿಯಬೇಕು ಅನಿಸಿತು.

ಮರುದಿನ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ, ‘ಪೇಷಂಟ್ ಜೋಡಿ ಇರೋರು ಯಾರ್ರೀ?’ ಎಂದು ಕೇಳಿ, ತಾನೇ ಫಾರಂ ನೋಡಿ, ‘ಇಲ್ಲೇ ಬರ್ಸೀರಲ್ರೀ. ಅಕ್ಕ, ಕುರುಗೋಡು’ ಎಂದಳು. ಸ್ಕ್ಯಾನಿಂಗ್ ದಿನ ನಾನು ಔಷಧಿ ತರಲು ಹೋಗಿದ್ದಾಗ ಅವ್ವ ಬರೆಸಿದ್ದು.

ದೊಡ್ಡವ್ವ ಅವ್ವನ ಕಡೆ ತಿರುಗಿದಳು. ‘ಏ ಹುಚ್ಚಿ, ಮಾತು ಬಿಟ್ಟ ಅಕ್ಕನ ಹೆಸ್ರು ಬರಸ್ತಾರೇನು?’

‘ಮತ್ತ ಯಾರ ಹೆಸ್ರು ಬರಸ್ಲಿ?’ ಎಂದಳು ಅವ್ವ.