ಸುದ್ದಿಯ ಮೇಲಿನ ಸುಂಕ

ನಿವೃತ್ತ ಮೇಷ್ಟ್ರಾದ ನಾನು ಸರ್ಕಾರಕ್ಕೆ ತೆರಿಗೆ ಕಟ್ಟುವಷ್ಟು ದೊಡ್ಡ ಮನುಷ್ಯನಲ್ಲ ಎಂದೇ ತಿಳಿದಿದ್ದೆ. ಮೊನ್ನೆ ಶಹಾಪುರದಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗ ಅಂಗಡಿಯವನು ಇದರಲ್ಲಿ ಜಿಎಸ್‌ಟಿಯೂ ಸೇರಿದೆ ಎಂದ. ಹೆಂಡತಿಗೆ ಶುಭೋದಯ ಕಳಿಸಿಯೇ ನಾನು ದೇಶ ಕಟ್ಟುತ್ತಿದ್ದೇನೆಂದು ಎದೆ ಉಬ್ಬಿತು.

ಊರಿಗೆ ಬಂದು ಈ ಹೆಮ್ಮೆಯನ್ನು ಪಕ್ಕದ ಮನೆಯ ನಾಗಮ್ಮನ ಮುಂದೆ ಹೇಳಿದೆ. ಅವಳದು ಕಾಲುವೆಯ ಕೊನೆಯ ಅಂಚಿನಲ್ಲಿ ಒಂದೆಕರೆ ಭತ್ತ. ಕಾಲುವೆಗೆ ನೀರು ಬಿಟ್ಟ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬರುತ್ತದೆ. ಅವಳ ರೀಚಾರ್ಜ್ ಮುಗಿದು ವಾರವಾಗಿತ್ತು.

"ನೀರಿಗಿ ಕರ ಕಟ್ತೀವ್ರಿ ಮಾಸ್ತರ, ಅದು ಸರಿ," ಎಂದಳು. "ನೀರು ಬಂತು ಅನ್ನೋ ಮಾತಿಗೂ ಕಟ್ಟಬೇಕೇನ್ರಿ?"

ಹಿಂದಿನ ಅರಸರು ಗಾಣಕ್ಕೆ, ಮಗ್ಗಕ್ಕೆ, ಮದುವೆಗೂ ಸುಂಕ ಹಾಕಿದ್ದರಂತೆ. ಡಂಗುರ ಕೇಳಿಸಿಕೊಂಡವರ ಕಿವಿಗೆ ಸುಂಕ ಹಾಕಿದ್ದನ್ನು ನಾನು ಎಲ್ಲೂ ಓದಿಲ್ಲ.

ನಮ್ಮಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಒಂದು ಮಿಸ್ಡ್ ಕಾಲ್ ಕೊಟ್ಟರೆ ನೀರು ಬಂತು, ಎರಡು ಕೊಟ್ಟರೆ ಕಾಲುವೆಯ ಗೇಟು ಮುಚ್ಚಿತು. ನಾಗಮ್ಮನ ಫೋನಿಗೆ ಕರೆ ಬರುವುದು ಇನ್ನೂ ನಿಂತಿರಲಿಲ್ಲ. ಗುಂಪಿನಲ್ಲಿ ಸುದ್ದಿ ನೋಡಿ ರಿಂಗ್ ಕೊಡುವ ಹೊಣೆ ನಾನು ಹೊತ್ತೆ.

ಮೂರನೆಯ ದಿನ ನೀರು ಬಂತು. ಕರೆ ಮಾಡಿದೆ. ಪಾಠವನ್ನು ಎರಡು ಸಲ ಹೇಳಿದರೇ ತಲುಪುವುದೆಂಬ ಮಾಸ್ತರಿಕೆಯ ಚಟ ನೋಡಿ, ಇನ್ನೊಮ್ಮೆ ಕರೆ ಮಾಡಿಬಿಟ್ಟೆ. ಕೂಲಿಗೆ ಹೋಗಿದ್ದವಳು ಕಳೆ ಕೀಳುವುದು ಬಿಟ್ಟು ತನ್ನ ಹೊಲಕ್ಕೆ ಓಡುತ್ತಿದ್ದಳಂತೆ. ಎರಡನೆಯ ರಿಂಗ್ ಕೇಳಿ, ಗೇಟು ಮುಚ್ಚಿತೆಂದು ತಿರುಗಿ ಹೋದಳು. ಆ ಸರದಿಯ ನೀರು ಅವಳ ಗದ್ದೆಯ ಮಡಿ ಮುಟ್ಟದೆ ಹಳ್ಳ ಸೇರಿತು. ಹಳದಿಗಟ್ಟಿದ ನಾಟಿ ನೋಡಿ ನನಗೆ ಬಹಳ ನಾಚಿಕೆಯಾಯಿತು.

ನಾಗಮ್ಮ ಬೈಯಲಿಲ್ಲ. ನನ್ನನ್ನೇ ಕೇಳಿದಳು, "ಗ್ವಾಡಿ ಮ್ಯಾಲ ಬರದ್ರ ಕರ ಬೀಳ್ತದೇನ್ರಿ?"

ಮರುದಿನವೇ ಶಾಲೆಯ ಹಳೆಯ ಕರಿಹಲಗೆಯೊಂದನ್ನು ಕೇಳಿ ತಂದು ಊರ ಕಟ್ಟೆಯ ಗೋಡೆಗೆ ತೂಗುಹಾಕಿದೆ. ದಿನವೂ ಬೆಳಿಗ್ಗೆ ಅದರ ಮೇಲೆ ನೀರಿನ ಸುದ್ದಿ ಬರೆಯುತ್ತೇನೆ. ಮುಂದಿನ ಸರದಿಯ ನೀರು ನಾಗಮ್ಮನಿಗೆ ಸಿಕ್ಕಿತು, ನಾಟಿ ಚೇತರಿಸಿಕೊಂಡಿತು. ಸುದ್ದಿಯ ಮೇಲಿನ ತೆರಿಗೆ ಇಳಿಸಿ ಎಂದು ಸರ್ಕಾರಕ್ಕೆ ಅರ್ಜಿಯನ್ನೂ ಬರೆದೆ. ಅದನ್ನು ಆನ್‌ಲೈನಿನಲ್ಲೇ ಕಳಿಸಬೇಕಂತೆ, ಅದಕ್ಕಾಗಿ ಮತ್ತೆ ರೀಚಾರ್ಜ್ ಮಾಡಿಸಿದೆ.

ಕಳೆದ ವಾರ ಸುರಪುರದ ಮದುವೆಗೆ ಹೋಗಿ ಎರಡು ದಿನ ಉಳಿದೆ. ಹಲಗೆ ಖಾಲಿ ಬಿದ್ದಿರುತ್ತದೆ, ಇನ್ಯಾರ ಮಡಿ ಒಣಗಿತೋ ಎಂದು ಬಸ್ಸಿನುದ್ದಕ್ಕೂ ಕಳವಳಪಟ್ಟೆ. ಇಳಿದವನೇ ಕಟ್ಟೆಗೆ ಹೋದೆ. ಹಲಗೆಯ ತುಂಬ ಸೊಟ್ಟಸೊಟ್ಟ ಅಕ್ಷರ. ನನ್ನ ವಯಸ್ಕರ ತರಗತಿಯಲ್ಲಿ ಬರೆಯಲು ಕಲಿತ ನಾಗಮ್ಮನದೇ ಕೈ: "ಕಾಲುವಿಗಿ ಹೋಗಿ ನೋಡೀನಿ, ನೀರು ಬಂದಾವ. ಓದಾಕ ಬರೋರು ಓದಾಕ ಬರದವರಿಗಿ ಹೇಳ್ರಿ. ಹೇಳಿದ್ದಕ್ಕ ಕರ ಇಲ್ಲ."

ಅಭ್ಯಾಸಬಲದಿಂದ ತಿದ್ದಲು ಚಾಕ್‌ಪೀಸ್ ಎತ್ತಿಕೊಂಡೆ. ಏನನ್ನೂ ತಿದ್ದದೆ, ಕೆಳಗೆ ಹತ್ತಕ್ಕೆ ಹತ್ತು ಅಂಕ ಹಾಕಿ ಮನೆಗೆ ಬಂದೆ.